ಹೊಲಮನೆಯ ಕಥೋಲಿಕ ಕುಟುಂಬಕ್ಕೆ ಒಂದು ವರ್ಷದ ಲೆಕ್ಕ: ಮಳೆ ನಕ್ಷತ್ರ, ಚರ್ಚ್ ಹಬ್ಬ ಎರಡನ್ನೂ ಹೊಂದಿಸುವುದು ಹೇಗೆ?

"ಹೊಲ, ದನ, ಮಕ್ಕಳ ಶಾಲೆ, ಭಾನುವಾರದ ಬಲಿಪೂಜೆ (ಚರ್ಚಿನ ಆರಾಧನೆ), ಉಪವಾಸ, ಹಬ್ಬ... ಇಷ್ಟೆಲ್ಲ ಒಟ್ಟಿಗೆ ಹೇಗೆ ಸಾಗಿಸ್ತೀರಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಎರಡು ಥರ. ಪುಣೆ, ಗೋವಾ, ಬೆಂಗಳೂರಿನ ನೌಕರಿ ಬಿಟ್ಟು ಬೆಳಗಾವಿ ಜಿಲ್ಲೆಯ ತಮ್ಮ ಹೊಲಕ್ಕೆ ಮರಳಬೇಕು ಅನ್ನುವವರು ಕೆಲವರು. ಹೊಲದಲ್ಲೇ ಹುಟ್ಟಿ ಬೆಳೆದು, ಕೆಲಸದ ಗಡಿಬಿಡಿಯಲ್ಲಿ ಹಬ್ಬ ಉಪವಾಸ ಎಲ್ಲ ಕೈತಪ್ಪಿ ಹೋದವು ಅನ್ನುವವರು ಇನ್ನು ಕೆಲವರು. ಇಬ್ಬರಿಗೂ ಇದು ಉಪಯೋಗಕ್ಕೆ ಬರಬೇಕು.

ಹೊರದೇಶದ ಕಥೋಲಿಕ ಹೊಲಮನೆ ಕುಟುಂಬಗಳ ವರ್ಷದ ಪಟ್ಟಿ ಓದಿ ಅದನ್ನೇ ಇಲ್ಲಿ ಮಾಡಲು ಹೋಗುವವರು ಜಾಸ್ತಿ. ಅಲ್ಲಿ ಪಾಸ್ಕ ಹಬ್ಬ (ಈಸ್ಟರ್) ಬಂದಾಗ ಬಿತ್ತನೆ ಶುರು, ಕ್ರಿಸ್ಮಸ್ ಹೊತ್ತಿಗೆ ಹೊಲ ಹಿಮದಡಿ ಮಲಗಿರುತ್ತದೆ. ನಮ್ಮಲ್ಲಿ ಪಾಸ್ಕ ಅಂದರೆ ಒಣಗಿದ ಎರೆಹೊಲ, ಕ್ರಿಸ್ಮಸ್ ಅಂದರೆ ತೆನೆ ತುಂಬುವ ಜೋಳ. ಅವರ ಹಬ್ಬಗಳೇ ನಮ್ಮ ಹಬ್ಬಗಳು, ಅವರ ಕೆಲಸಗಳು ಮಾತ್ರ ನಮ್ಮವಲ್ಲ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಕಿತ್ತೂರು, ಬೈಲಹೊಂಗಲ ಕಡೆಯ ಎರೆಭೂಮಿಯ ಲೆಕ್ಕ. ಖಾನಾಪುರದ ಭತ್ತದ ಸೀಮೆಯವರಿಗೆ ಎಲ್ಲಿ ಬದಲಾಗುತ್ತದೆ ಅನ್ನುವುದನ್ನು ಅಲ್ಲಲ್ಲೇ ಹೇಳುತ್ತೇನೆ. ಅಥಣಿ ಕಡೆಯವರು ಮುಂಗಾರಿಯ ಮೇಲೆ ಜಾಸ್ತಿ ಭರವಸೆ ಇಡದೆ ಓದಿಕೊಳ್ಳಿ.

ಶುರುವಿಗೆ ಏನೇನು ಬೇಕು?

ಎರಡು ಎಕರೆ, ಒಂದು ಹಸು ಅಥವಾ ಎಮ್ಮೆ, ಹತ್ತು ಹನ್ನೆರಡು ಜವಾರಿ ಕೋಳಿ. ಮೊದಲ ವರ್ಷಕ್ಕೆ ಇಷ್ಟು ಸಾಕು. ನೀರಿದ್ದರೆ ನಾಲ್ಕು ಗುಂಟೆ ಕಾಯಿಪಲ್ಲೆ (40 ಗುಂಟೆಗೆ ಒಂದು ಎಕರೆ). ಆಡು, ಹಂದಿ, ಜೇನು ಎಲ್ಲ ಆಮೇಲೆ. ಎರಡು ಕ್ಯಾಲೆಂಡರ್ ಇಟ್ಟುಕೊಳ್ಳಿ. ಒಂದು ನಿಮ್ಮ ಧರ್ಮಕೇಂದ್ರದ್ದು, ಅಂದರೆ ನಿಮ್ಮ ಚರ್ಚಿನದು. ಇನ್ನೊಂದು ಮಳೆ ನಕ್ಷತ್ರ, ಅಮಾವಾಸ್ಯೆ, ಹುಣ್ಣಿಮೆ ಇರುವ ಮಾಮೂಲಿ ಗೋಡೆ ಕ್ಯಾಲೆಂಡರ್. ಜೊತೆಗೆ ಒಂದು ದೊಡ್ಡ ಡ್ರಾಯಿಂಗ್ ಶೀಟ್.

ಮಣ್ಣು ಪರೀಕ್ಷೆಗೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಬೆಳೆಯ ಸಲಹೆಗೆ ಬೈಲಹೊಂಗಲ ಕಡೆಯವರಿಗೆ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಗೋಕಾಕ ಕಡೆಯವರಿಗೆ ತುಕ್ಕಾನಟ್ಟಿಯದು ಇದೆ. ಸುಮ್ನೆ ಅಂಗಡಿಯವನು ಹೇಳಿದ ಗೊಬ್ಬರ ತಂದು ಸುರಿಯಬೇಡಿ.

1. ಎರಡು ಕ್ಯಾಲೆಂಡರನ್ನು ಒಂದೇ ಹಾಳೆಗೆ ಇಳಿಸಿ

ಚರ್ಚಿನ ಹಬ್ಬಗಳಲ್ಲಿ ಎರಡು ಬಗೆ. ಕೆಲವು ತಾರೀಖಿಗೆ ಕಟ್ಟುಬಿದ್ದವು: ಕ್ರಿಸ್ಮಸ್, ಸಂತ ಜೋಸೆಫರ ಹಬ್ಬ (ಮಾರ್ಚ್ 19), ಮರಿಯಮ್ಮನ ಜನನದ ಹಬ್ಬ (ಸೆಪ್ಟೆಂಬರ್ 8). ಕೆಲವು ಪಾಸ್ಕದ ಜೊತೆ ಹಿಂದೆ ಮುಂದೆ ಸರಿಯುವವು: ವಿಭೂತಿ ಬುಧವಾರ (ಪಾಸ್ಕಕ್ಕೆ ಮುಂಚಿನ ಉಪವಾಸದ 40 ದಿನ, ಅಂದರೆ ತಪಸ್ಸು ಕಾಲ, ಶುರುವಾಗುವ ದಿನ), ಗರಿಗಳ ಭಾನುವಾರ, ಸ್ವರ್ಗಾರೋಹಣ.

ನಮ್ಮ ಮಳೆ ನಕ್ಷತ್ರಗಳೂ ತಾರೀಖಿಗೆ ಕಟ್ಟುಬಿದ್ದವೇ. ಸೂರ್ಯನ ಲೆಕ್ಕದವು ಆದ್ದರಿಂದ ಹೆಚ್ಚೆಂದರೆ ಒಂದು ದಿನ ಆಚೀಚೆ ಆಗುತ್ತವೆ. ಹಾಗಾಗಿ ಸಂತರ ದಿನಗಳು ಪ್ರತಿ ವರ್ಷ ಅದೇ ಮಳೆಯಲ್ಲೇ ಬೀಳುತ್ತವೆ. ರೈತರ ಪಾಲಕ ಸಂತ ಇಸಿದೋರರ ದಿನ ಮೇ 15, ಅದು ಕೃತ್ತಿಕಾ ಮಳೆ. ಪಾದುವಾದ ಸಂತ ಅಂತೋಣಿಯವರ ಹಬ್ಬ ಜೂನ್ 13, ಮೃಗಶಿರಾ. ಸ್ನಾನಿಕ ಯೊವಾನ್ನರ ಜನನ ಜೂನ್ 24, ಆರಿದ್ರಾ. ಮರಿಯಮ್ಮನ ಜನನ ಹುಬ್ಬಾ ಮಳೆಯಲ್ಲಿ. ಪವಿತ್ರ ಶಿಲುಬೆಯ ಹಬ್ಬ ಸೆಪ್ಟೆಂಬರ್ 14, ಉತ್ತರಾ ಮಳೆ ಹುಟ್ಟುವ ಹೊತ್ತು. ಸಕಲ ಮೃತರ ದಿನ ನವೆಂಬರ್ 2, ಸ್ವಾತಿ. ಇವನ್ನು ಹಾಳೆಯ ಮೇಲೆ ಪೆನ್ನಿನಲ್ಲಿ ಬರೆಯಿರಿ, ಬದಲಾಗುವುದಿಲ್ಲ.

ಪಾಸ್ಕಕ್ಕೆ ಸಂಬಂಧಿಸಿದ್ದನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಪಾಸ್ಕ. ಹೆಚ್ಚಿನ ವರ್ಷ ಅದು ನಮ್ಮ ದವನದ ಹುಣ್ಣಿಮೆ ಆದ ಮೇಲೆ ಬರುತ್ತದೆ, ಕೆಲವು ವರ್ಷ ಹೋಳಿ ಹುಣ್ಣಿಮೆ ಆದ ಮೇಲೆ. 2027 ಹೋಳಿ ಹುಣ್ಣಿಮೆಯ ವರ್ಷ: ವಿಭೂತಿ ಬುಧವಾರ ಫೆಬ್ರವರಿ 10, ಪಾಸ್ಕ ಮಾರ್ಚ್ 28. ಯುಗಾದಿಗಿಂತ ಮೊದಲೇ ಪಾಸ್ಕ ಮುಗಿದುಹೋಗುತ್ತದೆ. 2028ರಲ್ಲಿ ಪಾಸ್ಕ ಏಪ್ರಿಲ್ 16ಕ್ಕೆ. ಇಷ್ಟೊಂದು ವ್ಯತ್ಯಾಸ ಇರುವುದರಿಂದ "ಪಾಸ್ಕ ಆದ ಮೇಲೆ ನೋಡೋಣ" ಅಂತ ಯಾವ ಹೊಲದ ಕೆಲಸವನ್ನೂ ಇಟ್ಟುಕೊಳ್ಳಬೇಡಿ.

ಅದೇ ಹಾಳೆಯಲ್ಲಿ ನೆರೆಯವರ ಹಬ್ಬಗಳನ್ನೂ ಬರೆಯಬೇಕು. ಕಾರ ಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಶೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆ, ಊರ ಜಾತ್ರೆ. ಆ ದಿನ ಆಳು ಸಿಗುವುದಿಲ್ಲ, ಎತ್ತು ಸಿಗುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಪಕ್ಕದ ಹೊಲದವರು ಊಟಕ್ಕೆ ಕರೆಯುತ್ತಾರೆ. ಕರೆದರೆ ಹೋಗಿ ಉಂಡು ಬನ್ನಿ. ಕ್ರಿಸ್ಮಸ್ಸಿಗೆ ಅವರ ಮನೆಗೆ ನಿಮ್ಮ ಮನೆಯ ಡಬ್ಬಿ ಹೋಗಲಿ.

2. ಎಲ್ಲಕ್ಕಿಂತ ಮೊದಲು ಭಾನುವಾರವನ್ನು ಗಟ್ಟಿ ಮಾಡಿ

ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ. ಎಷ್ಟು ದನ, ಎಷ್ಟು ಎಕರೆ ಅಂತ ತೀರ್ಮಾನಿಸುವ ಮುಂಚೆ ಭಾನುವಾರದ ಕೆಲಸ ಲೆಕ್ಕ ಹಾಕಿ. ಬಲಿಪೂಜೆಗೆ ಹೊರಡುವ ಮುಂಚೆ ಮನೆಯವರಿಂದ ಮುಗಿಸಲು ಆಗುವಷ್ಟೇ ದನ ಇರಲಿ. ಒಂದು ಎಮ್ಮೆ ಹಾಲು ಕೊಡುತ್ತಿದೆ, ಎರಡನೆಯದು ಅಗ್ಗಕ್ಕೆ ಬಂತು ಅಂತ ತಂದು ಕಟ್ಟಿದ ಮನೆಗಳಲ್ಲಿ ಮೊದಲು ಬಿದ್ದು ಹೋಗುವುದು ಭಾನುವಾರವೇ. ಮೊದಲು ಒಬ್ಬರು ಮನೆಯಲ್ಲಿ ಉಳಿಯುತ್ತಾರೆ. ಆಮೇಲೆ ಸರದಿ ಶುರುವಾಗುತ್ತದೆ. ಕೊನೆಗೆ ಹಬ್ಬಕ್ಕಷ್ಟೇ ಚರ್ಚು.

ಭಾನುವಾರ ಏನು ಮಾಡಬಹುದು, ಏನು ಮಾಡಬಾರದು? ದೇವಾರಾಧನೆಗೆ, ಆ ದಿನದ ಸಂತೋಷಕ್ಕೆ, ಮೈಮನಸ್ಸಿನ ವಿಶ್ರಾಂತಿಗೆ ಅಡ್ಡಿಯಾಗುವ ಕೆಲಸ ಬಿಡಬೇಕು ಅನ್ನುತ್ತದೆ ಚರ್ಚಿನ ಕಾನೂನು. ಹಾಲು ಕರೆಯುವುದು, ಮೇವು ನೀರು, ಕೋಳಿ ಬಿಡುವುದು ನಿಲ್ಲಿಸುವಂಥದ್ದಲ್ಲ. ಉಳುಮೆ, ಕಳೆ, ಔಷಧಿ ಹೊಡೆಯುವುದು, ಗೋಡೆ ಕಟ್ಟುವುದು ಸೋಮವಾರಕ್ಕೆ ಕಾಯಬಲ್ಲವು. ಕಣದಲ್ಲಿ ಸೋಯಾ ಹರಡಿದೆ, ಆಕಾಶ ಕಪ್ಪಾಗಿದೆ, ಆಗ? ಓಡಿಹೋಗಿ ತಾಡಪತ್ರಿ ಮುಚ್ಚಿ, ತುಂಬಿ. ಸಬ್ಬತ್ ದಿನ ಬಾವಿಗೆ ಬಿದ್ದ ಎತ್ತನ್ನು ಎತ್ತದೆ ಬಿಡುವವರು ಯಾರು ಅಂತ ಯೇಸುವೇ ಕೇಳಿದ್ದು ಲೂಕನ ಸುವಾರ್ತೆಯಲ್ಲಿ ಇದೆಯಲ್ಲ. ಆದರೆ ಪ್ರತಿ ಭಾನುವಾರವೂ ಎತ್ತು ಬಾವಿಗೆ ಬೀಳುತ್ತಿದೆ ಅಂದರೆ ಬಾವಿ ಮುಚ್ಚಬೇಕು, ಇಲ್ಲ ಎತ್ತು ಮಾರಬೇಕು.

ಶನಿವಾರ ಸಂಜೆಯ ಪಟ್ಟಿ ಇಷ್ಟು:

- ಮೇವು ಎರಡು ದಿನದ್ದು ಕೊಯ್ದು ಅಥವಾ ಬಣವೆಯಿಂದ ಕಣಿಕೆ (ಜೋಳದ ಒಣ ದಂಟು) ಇಳಿಸಿ ಕತ್ತರಿಸಿ ಇಡಿ.
- ನೀರಿನ ತೊಟ್ಟಿ ಅಂಚಿನವರೆಗೆ ತುಂಬಿಸಿ. ಭಾನುವಾರ ಬೆಳಿಗ್ಗೆ ಕರೆಂಟ್ ಇರುತ್ತದೆ ಅಂತ ನಂಬಬೇಡಿ.
- ರೊಟ್ಟಿ ಶನಿವಾರವೇ ಬಡಿದಿಡಿ. ಖಡಕ್ ರೊಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಮನೆಯ ಹೆಣ್ಣುಮಕ್ಕಳಿಗೂ ಭಾನುವಾರ ಇರಬೇಕು, ಅಲ್ವಾ?
- ಮಕ್ಕಳ ಅಂಗಿ, ಚಪ್ಪಲಿ, ಗಾಡಿಯ ಪೆಟ್ರೋಲ್ ನೋಡಿಕೊಳ್ಳಿ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ನಮ್ಮ ಭಾಗದಲ್ಲಿ ಸೋಮವಾರ ಬಸವಣ್ಣನ ದಿನ. ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇಡದವರು ಈಗಲೂ ಬಹಳ ಮಂದಿ ಇದ್ದಾರೆ. ನೀವು ಭಾನುವಾರ ಬಿಟ್ಟಿರಿ, ಬಾಡಿಗೆ ಎತ್ತಿನವರು ಸೋಮವಾರ ಬರಲಿಲ್ಲ, ಹದ ಇದ್ದ ಹೊಲ ಮಂಗಳವಾರ ಗಟ್ಟಿಯಾಗಿ ಕೂತಿತು. ಆದ್ದರಿಂದ ಕೂರಿಗೆ, ಎಡೆಕುಂಟೆಯವರಿಗೆ (ಕೂರಿಗೆ ಬಿತ್ತುವ ಸಾಧನ, ಎಡೆಕುಂಟೆ ಸಾಲಿನ ನಡುವೆ ಕಳೆ ತೆಗೆಯುವುದು) ಶುಕ್ರವಾರ ಶನಿವಾರವೇ ಹೇಳಿ ಇಡಿ. "ನಮ್ಮಲ್ಲಿ ಭಾನುವಾರ ಬಿಡುವು" ಅಂತ ನೇರವಾಗಿ ಹೇಳಿದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಸೋಮವಾರ ಎತ್ತಿಗೆ ಬಿಡುವು ಕೊಡುವ ಮಂದಿಗೆ ಅದು ಕೂಡಲೇ ಅರ್ಥವಾಗುತ್ತದೆ.

ಕಬ್ಬು ಹಾಕುವವರಿಗೆ ಇನ್ನೊಂದು ಎಚ್ಚರಿಕೆ. ಕಟಾವಿನ ಗ್ಯಾಂಗು ಕಾರ್ಖಾನೆಯ ಸರದಿಯ ಮೇಲೆ ಬರುತ್ತದೆ, ನಿಮ್ಮ ವಾರ ನೋಡಿ ಬರುವುದಿಲ್ಲ. ನವೆಂಬರಿನಿಂದ ಮಾರ್ಚ್ ತನಕ ಯಾವ ಭಾನುವಾರವಾದರೂ ಬಂದೀತು. ಮನೆಯ ಊಟಕ್ಕಾಗಿ ಹೊಲ ಮಾಡುವ ಸಣ್ಣ ಕುಟುಂಬಕ್ಕೆ ಕಬ್ಬು ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ನೀರಿನ ಕಾರಣವೂ ಇದೆ.

3. ಮೇ: ಬೀಜ ತಯಾರಿ, ಹೊಲದ ಆಶೀರ್ವಾದ

ಇಸಿದೋರರು ಸ್ಪೇನಿನ ಮ್ಯಾಡ್ರಿಡ್ ಕಡೆಯವರು, ಇನ್ನೊಬ್ಬರ ಹೊಲದಲ್ಲಿ ದುಡಿದ ಆಳು. 1622ರಲ್ಲಿ ಲೊಯೋಲದ ಇಗ್ನಾಸಿ, ಫ್ರಾನ್ಸಿಸ್ ಕ್ಸೇವಿಯರ್, ಆವಿಲಾದ ತೆರೇಸಾ, ಫಿಲಿಪ್ ನೇರಿ ಅವರ ಜೊತೆಗೇ ಸಂತ ಪದವಿ ಪಡೆದರು. ಅವರ ಹೆಂಡತಿ ಮರಿಯಾ ಕೂಡ ಪೂಜ್ಯರು. ಮೇ 15ರ ಹೊತ್ತಿಗೆ ನಮ್ಮಲ್ಲಿ ಬೀಜ ಮನೆಗೆ ಬಂದಿರಬೇಕು, ಆದ್ದರಿಂದ ಈ ಹಬ್ಬ ನಮ್ಮ ಎರೆಭೂಮಿಗೆ ಹೇಳಿ ಮಾಡಿಸಿದ ಹಾಗಿದೆ.

ಮೊಳಕೆ ಪರೀಕ್ಷೆ ಮೇ ಮೊದಲ ವಾರವೇ ಮುಗಿಸಿ. 100 ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸಾಲಾಗಿ ಇಟ್ಟು ಸುರುಳಿ ಸುತ್ತಿ, ನೆರಳಿನಲ್ಲಿಡಿ. ದಿನಾ ನೀರು ಚಿಮುಕಿಸಿ. ಒಂದು ವಾರದೊಳಗೆ ಎಷ್ಟು ಮೊಳೆತವು ಎಣಿಸಿ. ಸೋಯಾ 70ಕ್ಕಿಂತ ಕಡಿಮೆ ಬಂದರೆ ಆ ಬೀಜ ಬಿಡಿ, ಬೇರೆ ತನ್ನಿ. ಸೋಯಾ ಬೀಜದ ಸಿಪ್ಪೆ ತೆಳು. ಚೀಲ ಎತ್ತಿ ಒಗೆದರೂ ಮೊಳಕೆ ಸಾಯುತ್ತದೆ. ಹೆಸರು, ಉದ್ದು ಅಷ್ಟು ನಾಜೂಕಲ್ಲ. ಈ ಎಣಿಕೆ ಮಕ್ಕಳಿಗೆ ಬಿಡಿ, ರಜೆಯಲ್ಲಿ ಬೇಜಾರಾಗಿರುತ್ತಾರೆ.

ಮೇ 15ರಂದು ಅಥವಾ ಅದರ ಹತ್ತಿರದ ಭಾನುವಾರ ಎಲ್ಲ ಬೀಜದಿಂದ ಒಂದೊಂದು ಹಿಡಿ ಬುಟ್ಟಿಯಲ್ಲಿ ಚರ್ಚಿಗೆ ಒಯ್ಯಿರಿ. ಬಲಿಪೂಜೆ ಆದ ಮೇಲೆ ಫಾದರ್ ಆಶೀರ್ವದಿಸುತ್ತಾರೆ. ಹಿಂದಿನ ದಿನವೇ ಅವರಿಗೆ ಹೇಳಿಡಿ. ಮನೆಗೆ ತಂದ ಹಿಡಿ ಬೀಜವನ್ನು ಬಿತ್ತನೆ ಬೀಜಕ್ಕೆ ಬೆರೆಸಿ. ಒಂದೇ ಎಚ್ಚರಿಕೆ: ಔಷಧಿ ಹಚ್ಚಿದ ಬಣ್ಣದ ಬೀಜ ಬುಟ್ಟಿಗೆ ಹಾಕಬೇಡಿ. ಚರ್ಚಿನಲ್ಲಿ ಯಾವುದಾದರೂ ಮಗು ಬಾಯಿಗೆ ಹಾಕಿಕೊಂಡೀತು.

ಹೊಲದಲ್ಲೇ ಆಶೀರ್ವಾದ ಬೇಕು ಅನ್ನುವವರಿಗೆ ಹಳೆಯ ಪದ್ಧತಿಯೊಂದಿದೆ, ರೊಗೇಷನ್ ದಿನಗಳು. ಬೆಳೆಗಾಗಿ ಬೇಡಿಕೊಳ್ಳುತ್ತಾ ಮೆರವಣಿಗೆಯಲ್ಲಿ ಹೊಲ ಸುತ್ತುವ ದಿನಗಳು ಅವು. ಏಪ್ರಿಲ್ 25, ಮತ್ತು ಸ್ವರ್ಗಾರೋಹಣದ ಹಿಂದಿನ ಮೂರು ದಿನ. 1969ರ ಕ್ಯಾಲೆಂಡರ್ ಸುಧಾರಣೆ ಆದ ಮೇಲೆ ಇವನ್ನು ಯಾವಾಗ, ಹೇಗೆ ಮಾಡಬೇಕು ಅನ್ನುವುದನ್ನು ಆಯಾ ದೇಶದ ಧರ್ಮಾಧ್ಯಕ್ಷರಿಗೆ (ಬಿಷಪ್‌ಗಳಿಗೆ) ಬಿಡಲಾಗಿದೆ. ಏಪ್ರಿಲ್ ಕೊನೆಯಲ್ಲಿ ನಮ್ಮ ಹೊಲದಲ್ಲಿ ಹಸಿರು ಅನ್ನುವುದೇ ಇರುವುದಿಲ್ಲ. ರೋಹಿಣಿ ಮಳೆಯ ಹೊತ್ತಿಗೆ, ಮೇ ಕೊನೆಯಲ್ಲಿ ಫಾದರ್ ಅವರನ್ನು ಕರೆಯುವುದೇ ಸರಿ. ಅವರಿಗೆ ಪುರುಸೊತ್ತಿಲ್ಲದಿದ್ದರೆ ಮನೆಯವರೇ ಬದುವಿನ ಮೇಲೆ ಜಪಸರ (ಹತ್ತು ಹತ್ತು ಮಣಿ ಎಣಿಸುತ್ತಾ ಹೇಳುವ ಪ್ರಾರ್ಥನೆ) ಹೇಳುತ್ತಾ ಒಂದು ಸುತ್ತು ಬಂದು ನಾಲ್ಕು ಮೂಲೆಗೂ ತೀರ್ಥ ಚಿಮುಕಿಸಬಹುದು. ಬದು ಎಲ್ಲಿ ಒಡೆದಿದೆ, ಹಂದಿ ಎಲ್ಲಿಂದ ನುಗ್ಗುತ್ತದೆ ಅನ್ನುವುದೂ ಆ ಸುತ್ತಿನಲ್ಲೇ ಕಣ್ಣಿಗೆ ಬೀಳುತ್ತದೆ.

4. ಜೂನ್‌ನಿಂದ ಆಗಸ್ಟ್: ಪ್ರಾರ್ಥನೆ ಚಿಕ್ಕದಿರಲಿ

ಬಿತ್ತನೆಯ ಕಾಲ. ಮೊದಲ ಮಳೆಗೇ ಬಿತ್ತಬೇಡಿ. ಎರೆಮಣ್ಣು ಒಳಗಿನ ತನಕ ನೆನೆಯಬೇಕು. ಮೇಲೆ ಮಾತ್ರ ಒದ್ದೆಯಾದ ಮಣ್ಣಿಗೆ ಬಿದ್ದ ಬೀಜ ಮೊಳೆತು, ಆಮೇಲೆ ಬಿಸಿಲಿಗೆ ಸಾಯುತ್ತದೆ. ಸಂತ ಅಂತೋಣಿಯವರ ಹಬ್ಬದ ಹೊತ್ತಿಗೆ ಹದ ಬಂದರೆ ಸೋಯಾ, ಹೆಸರು, ಅಕ್ಕಡಿ ಸಾಲಿಗೆ (ಮುಖ್ಯ ಬೆಳೆಯ ನಡುನಡುವೆ ಹಾಕುವ ಬೇರೆ ಬೆಳೆಯ ಸಾಲು) ತೊಗರಿ. ಖಾನಾಪುರದವರು ಆ ಹೊತ್ತಿಗೆ ಭತ್ತದಲ್ಲಿ ಇರುತ್ತಾರೆ. ಕಣಕುಂಬಿ ಕಡೆ ಬೀಳುವ ಮಳೆಗೂ ಸವದತ್ತಿ ಕಡೆ ಬೀಳುವ ಮಳೆಗೂ ಹೋಲಿಕೆಯೇ ಇಲ್ಲ.

ಈ ಮೂರು ತಿಂಗಳು ಮನೆಯವರೆಲ್ಲ ಸೋತು ಮಲಗುತ್ತಾರೆ. ಸಂಜೆ ಪೂರ್ತಿ ಜಪಸರ ಹೇಳಿಸಲು ಹೋದರೆ ಮೂರನೇ ಹತ್ತು ಮಣಿಗೆ ಮಕ್ಕಳು ಗೋಡೆಗೆ ಒರಗಿರುತ್ತಾರೆ. ಒಂದು ಹತ್ತು ಮಣಿ ಸಾಕು. ತ್ರಿಕಾಲ ಪ್ರಾರ್ಥನೆಯನ್ನು (ಬೆಳಿಗ್ಗೆ, ಮಧ್ಯಾಹ್ನ, ಸಂಜೆ ದೇವದೂತನ ಸಂದೇಶ ನೆನೆಯುವ ಚಿಕ್ಕ ಪ್ರಾರ್ಥನೆ) ಹೊಲದಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಸೇರಿಸಿ. ಎರಡು ನಿಮಿಷವೂ ಬೇಡ.

ಮಳೆಗಾಲಕ್ಕೆ ಮುಂಚೆ ಕಾಲುಬಾಯಿ ರೋಗದ ಲಸಿಕೆ, ಗಳಲೆ ಬೇನೆಯ ಲಸಿಕೆ ಹಾಕಿಸಿದ್ದೀರಾ ನೋಡಿ. ಪಶು ಆಸ್ಪತ್ರೆಯಲ್ಲಿ ಹೆಸರು ಬರೆಸಿ.

5. ಸೆಪ್ಟೆಂಬರ್: ತೆನೆ ಹಬ್ಬವನ್ನು ನಿಮ್ಮ ಹೊಲಕ್ಕೆ ಹೊಂದಿಸಿ

ಸೆಪ್ಟೆಂಬರ್ 8ರ ಹಬ್ಬಕ್ಕೆ ಕರಾವಳಿಯ ಕಥೋಲಿಕರು ಹೊಸ ಭತ್ತದ ತೆನೆ ಆಶೀರ್ವದಿಸಿ, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಹಂಚಿ ತಿನ್ನುತ್ತಾರೆ. ಮೊಂತಿ ಹಬ್ಬ ಅಂತ ಕರೆಯುವುದು ಇದನ್ನೇ. ಹಬ್ಬಕ್ಕೆ ಮುಂಚೆ ಒಂಬತ್ತು ದಿನ, ಆಗಸ್ಟ್ 30ರಿಂದ, ಮಕ್ಕಳು ಮರಿಯಮ್ಮನಿಗೆ ಹೂ ಒಯ್ಯುತ್ತಾರೆ.

ಎರೆಭೂಮಿಯಲ್ಲಿ ಆ ಹೊತ್ತಿಗೆ ಭತ್ತ ಎಲ್ಲಿಂದ ಬರಬೇಕು? ಕೆಲವರು ಖಾನಾಪುರದಿಂದ ತೆನೆ ತರಿಸುತ್ತಾರೆ. ಅದು ಬೇಡ ಅಂತ ನನ್ನ ಮಾತು. ಆ ವಾರ ನಿಮ್ಮ ಹೊಲದಲ್ಲಿ ಏನು ಮೊದಲು ಕೈಗೆ ಬಂದಿದೆಯೋ ಅದನ್ನೇ ಒಯ್ಯಿರಿ. ಜೂನಿನಲ್ಲಿ ಬಿತ್ತಿದ ಹೆಸರು ಅಷ್ಟರಲ್ಲಿ ಬಿಡಿಸುವುದಕ್ಕೆ ಬಂದಿರುತ್ತದೆ. ಬುಡದ ಕಾಯಿ ಕಪ್ಪಾಗಿ, ಮೇಲಿನದು ಇನ್ನೂ ಹಸಿರಾಗಿ, ತುದಿಯಲ್ಲಿ ಒಂದೆರಡು ಹಳದಿ ಹೂ ಇರುವ ಗಿಡ ಬೇರು ಸಮೇತ ಕಿತ್ತು, ಮಣ್ಣು ಝಾಡಿಸಿ, ಎರಡು ಗೋವಿನಜೋಳದ ತೆನೆ ಸೇರಿಸಿ ಕಟ್ಟಿ. ಹಬ್ಬದ ದಿನ ಆ ಕಪ್ಪು ಕಾಯಿ ಸುಲಿದು ಹೆಸರುಬೇಳೆ ಪಾಯಸಕ್ಕೆ ಹಾಕಿ. ಮನೆಗೆ ಬರಲು ಆಗದ ಮಕ್ಕಳಿಗೆ ನಾಲ್ಕು ಕಾಳು ಲಕೋಟೆಯಲ್ಲಿ ಕಳಿಸಿ.

ಹೂವಿಗೆ ಚೆಂಡು ಹೂ, ದಾಸವಾಳ ಹಿತ್ತಿಲಲ್ಲೇ ಹಾಕಿ. ಚೆಂಡು ಹೂವಿನ ಬೀಜ ಜೂನ್ ಕೊನೆಯೊಳಗೆ ಚೆಲ್ಲದಿದ್ದರೆ ಈ ಹಬ್ಬಕ್ಕೆ ಸಿಗುವುದಿಲ್ಲ, ದಸರೆಗೆ ಸಿಗುತ್ತದೆ.

ಸೆಪ್ಟೆಂಬರ್ 14ರಿಂದ ಹಿಂಗಾರಿ ತಯಾರಿ. ಹೆಸರು ತೆಗೆದ ಹೊಲ ಹರಗಿ, ಕಳೆ ಇಲ್ಲದ ಹಾಗೆ ಇಟ್ಟುಕೊಳ್ಳಿ. ಉತ್ತರಾ, ಹಸ್ತಾ ಮಳೆಯ ಹದಕ್ಕೆ ಜೋಳ ಬಿತ್ತಬೇಕು, ಅಕ್ಟೋಬರ್ ನಡುವಿನ ಆಚೆಗೆ ತಳ್ಳಬೇಡಿ. ಎಕರೆಗೆ 3 ಕೆಜಿ ಬೀಜ. ಕಡಲೆ ಸ್ವಲ್ಪ ತಡವಾದರೂ ನಡೆಯುತ್ತದೆ.

ಎಷ್ಟು ಜೋಳ ಬೇಕು? ಐದಾರು ಮಂದಿಯ ಮನೆಗೆ ದಿನಕ್ಕೆ 1.5 ಕೆಜಿ ಹಿಟ್ಟು ಅಂದರೂ ವರ್ಷಕ್ಕೆ ಸುಮಾರು 5.5 ಕ್ವಿಂಟಲ್. ಬರೀ ಮಳೆ ನಂಬಿದ ಎಕರೆಯಲ್ಲಿ 4–5 ಕ್ವಿಂಟಲ್ ಬಂದರೆ ಒಳ್ಳೆ ಬೆಳೆಯೇ. ಎರಡು ಎಕರೆಯಲ್ಲಿ ಒಂದೂಕಾಲು ಎಕರೆ ಜೋಳಕ್ಕೇ ಬೇಕು ಅನ್ನುವುದನ್ನು ಮೊದಲೇ ತಿಳಿದಿರಿ. ಅದರ ಕಣಿಕೆಯೇ ನಿಮ್ಮ ದನದ ವರ್ಷದ ಮೇವು.

ಈ ತಿಂಗಳಲ್ಲಿ ಎಂಬರ್ ದಿನಗಳ ಬಗ್ಗೆಯೂ ಕೇಳುತ್ತಾರೆ. ವರ್ಷಕ್ಕೆ ನಾಲ್ಕು ಸಲ, ಬುಧವಾರ, ಶುಕ್ರವಾರ, ಶನಿವಾರ ಉಪವಾಸ ಮಾಡಿ ಋತುವಿಗಾಗಿ ದೇವರಿಗೆ ಕೃತಜ್ಞತೆ ಹೇಳುವ ಹಳೆಯ ಪದ್ಧತಿ. ಒಂದು ಸಲ ಬರುವುದು ಶಿಲುಬೆಯ ಹಬ್ಬ ಆದ ಮೇಲೆ. ಈಗ ಕಡ್ಡಾಯವಿಲ್ಲ. ಮೊದಲ ವರ್ಷ ಇದಕ್ಕೆ ಕೈಹಾಕಬೇಡಿ.

6. ನವೆಂಬರ್, ಡಿಸೆಂಬರ್: ಆಗಮನ ಕಾಲ

ನವೆಂಬರ್ 2ರ ಹೊತ್ತಿಗೆ ಸಮಾಧಿ ಸ್ವಚ್ಛ ಮಾಡಲು ಕುಡುಗೋಲು, ಸಲಿಕೆ ಜೊತೆಗೇ ಒಯ್ಯಿರಿ. ಮಳೆಗಾಲದ ಹುಲ್ಲು ಮೊಣಕಾಲು ಮಟ್ಟ ಬೆಳೆದಿರುತ್ತದೆ, ಹಾವಿರುತ್ತದೆ. ಬೆಳಗಿನ ಬಿಸಿಲು ಏರಿದ ಮೇಲೆ ಹೋಗಿ.

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ತಯಾರಿಯೇ ಆಗಮನ ಕಾಲ. 2026ರಲ್ಲಿ ನವೆಂಬರ್ 29ಕ್ಕೆ ಶುರು. ವಾರಕ್ಕೊಂದರಂತೆ ಹಚ್ಚುವ ನಾಲ್ಕು ಮೇಣದಬತ್ತಿ, ಮೂರು ನೇರಳೆ, ಒಂದು ಗುಲಾಬಿ. ಸುತ್ತಲೂ ಹಸಿರು ಬೇಕು ಅಂತ ಪ್ಲಾಸ್ಟಿಕ್ ಸೂಜಿ ಎಲೆ ತರುವವರಿದ್ದಾರೆ. ಮಾವಿನ ಚಿಗುರು ಇಲ್ವಾ? ವಾರಕ್ಕೊಮ್ಮೆ ಬದಲಿಸಿದರೆ ಆಯಿತು.

ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಹಸಿರಿಗೆ ಡಿಸೆಂಬರ್ 13, ಸಂತ ಲೂಸಿಯ ದಿನ, ಗೋಧಿ ಹಾಕಿ. ಹಿಂದಿನ ರಾತ್ರಿ ಎರಡು ಹಿಡಿ ಗೋಧಿ ನೆನೆಸಿ. ತಟ್ಟೆಯಲ್ಲಿ ಒಂದು ಬೆರಳು ದಪ್ಪ ಮಣ್ಣು ಹರಡಿ, ಅದರ ಮೇಲೆ ಕಾಳು ಒತ್ತೊತ್ತಾಗಿ ಹಾಕಿ. ಮೇಲೆ ಮಣ್ಣು ತೆಳ್ಳಗೆ ಉದುರಿಸಿ, ಒದ್ದೆ ಬಟ್ಟೆ ಮುಚ್ಚಿ. ಮೂರನೇ ದಿನ ಬಿಳಿ ಮೊಳಕೆ ಬಟ್ಟೆಯನ್ನು ಮೇಲಕ್ಕೆ ಎತ್ತುತ್ತದೆ. ಆಗ ಬಟ್ಟೆ ತೆಗೆದು ಬೆಳಕಿಗೆ ಇಡಿ. 25ರ ಹೊತ್ತಿಗೆ ಗೇಣಿನ ಅರ್ಧದಷ್ಟು ಹಸಿರು. ನವರಾತ್ರಿಗೆ ಘಟ್ಟ ಹಾಕುವ ನೆರೆಮನೆಯ ಅಜ್ಜಿಗೆ ಇದರ ಕೆಲಸ ಎಲ್ಲ ಗೊತ್ತಿರುತ್ತದೆ, ಕೇಳಿ. ನೀರು ಜಾಸ್ತಿ ಹಾಕಿದರೆ ಬೂಸ್ಟು ಹಿಡಿಯುತ್ತದೆ. ಹಬ್ಬ ಮುಗಿದ ಮೇಲೆ ತಟ್ಟೆ ಸಮೇತ ಕೋಳಿಗೆ.

ಕರಜಿಕಾಯಿ, ಶಂಕರಪಾಳಿ, ಚಕ್ಕಲಿ ಮಾಡಲು ಡಿಸೆಂಬರ್ 20ರಿಂದ ಕೂತರೆ ಸಾಕು. ಆಗಮನ ಕಾಲದಲ್ಲೇ ತಿಂದು ಮುಗಿಸಬಾರದು. 2026ರ ಕ್ರಿಸ್ಮಸ್ ಶುಕ್ರವಾರ ಬರುತ್ತದೆ. "ಶುಕ್ರವಾರ ಮಾಂಸ ಹೇಗೆ?" ಅಂತ ಈಗಲೇ ಕೇಳುತ್ತಿದ್ದಾರೆ. ಮಹಾಹಬ್ಬ ಶುಕ್ರವಾರ ಬಿದ್ದರೆ ಮಾಂಸ ಬಿಡುವ ನಿಯಮ ಆ ದಿನಕ್ಕೆ ಅನ್ವಯಿಸುವುದಿಲ್ಲ. ಧಾರಾಳವಾಗಿ ಕೋಳಿ ಮಾಡಿ. 2027ರ ಸಂತ ಜೋಸೆಫರ ಹಬ್ಬವೂ ಶುಕ್ರವಾರವೇ, ಅದಕ್ಕೂ ಇದೇ ಉತ್ತರ.

ವೈನ್ ಮಾಡುವುದು ಹೇಗೆ ಅಂತ ಪ್ರತಿ ನವೆಂಬರ್ ಪ್ರಶ್ನೆ ಬರುತ್ತದೆ. ಅಬಕಾರಿ ಕಾನೂನಿನ ವಿಷಯ ಅದು, ಇಲ್ಲಿ ಹೇಳುವುದಿಲ್ಲ. ವಿಜಯಪುರದ ಒಣದ್ರಾಕ್ಷಿ ನೆನೆಸಿ, ರುಬ್ಬಿ, ಸೋಸಿ ಪಾನಕ ಮಾಡಿ.

7. ಹಬ್ಬದ ಕೋಳಿಗೆ ಹಿಂದಿನಿಂದ ಲೆಕ್ಕ

ಜವಾರಿ ಕೋಳಿ ಅಡುಗೆಗೆ ಬರಲು ಐದಾರು ತಿಂಗಳು ಬೇಕು. ಮೊಟ್ಟೆ ಮರಿಯಾಗಲು 21 ದಿನ. ಇವೆರಡನ್ನು ಕೂಡಿಸಿ ಹಬ್ಬದಿಂದ ಹಿಂದಕ್ಕೆ ಎಣಿಸಿ.

ಕ್ರಿಸ್ಮಸ್ ಕೋಳಿಗೆ ಜೂನಿನಲ್ಲಿ ಮೊಟ್ಟೆ ಇಟ್ಟರೆ ಲೆಕ್ಕಕ್ಕೆ ಸರಿ ಹೋಗುತ್ತದೆ, ಆದರೆ ಮರಿ ಹೊರಬರುವುದು ಜಡಿಮಳೆಯಲ್ಲಿ. ತಂಡಿಗೆ ಸಾಯುತ್ತವೆ. ಏಪ್ರಿಲ್ ನಡುವೆ ಇಡಿ. ಮೇ ಮೊದಲ ವಾರ ಮರಿ ಬಂದರೆ ಮಳೆ ಹಿಡಿಯುವ ಹೊತ್ತಿಗೆ ಗರಿ ಮೂಡಿರುತ್ತದೆ. ಪಾಸ್ಕದ ಕೋಳಿಗೆ ಶಿಲುಬೆಯ ಹಬ್ಬದ ದಿನ ಇಡಿ. ಅಕ್ಟೋಬರ್ 5ರ ಹೊತ್ತಿಗೆ ಮರಿ, ಮಾರ್ಚ್ ಕೊನೆಗೆ ಆರು ತಿಂಗಳ ಹತ್ತಿರ. ಕಾವಿಗೆ ಕೂತ ಕೋಳಿಯ ಅಡಿ 10–12 ಮೊಟ್ಟೆಗಿಂತ ಜಾಸ್ತಿ ಬೇಡ, ಅಂಚಿನವು ತಣ್ಣಗಾಗುತ್ತವೆ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮರಿಗೆ ಒಂದು ವಾರದೊಳಗೆ ಹನಿ ಲಸಿಕೆ, ಎಂಟು ವಾರಕ್ಕೆ ಸೂಜಿ. ಇದನ್ನು ಬಿಟ್ಟರೆ ಒಂದೇ ವಾರದಲ್ಲಿ ಗೂಡು ಖಾಲಿಯಾಗಬಹುದು.

8. ತಪಸ್ಸು ಕಾಲ: ಸುಗ್ಗಿಯೂ ಅದೇ ಹೊತ್ತಿಗೆ

ಫೆಬ್ರವರಿ 2ರಂದು ಚರ್ಚಿನಲ್ಲಿ ಮೇಣದಬತ್ತಿ ಆಶೀರ್ವಾದ. ವರ್ಷಕ್ಕೆ ಬೇಕಾದಷ್ಟು ಒಯ್ಯಿರಿ. ಕಳೆದ ವರ್ಷ ಗರಿಗಳ ಭಾನುವಾರ ತಂದ ಒಣ ಗರಿಗಳನ್ನು ವಿಭೂತಿ ಬುಧವಾರಕ್ಕೆ ಮುಂಚೆ ಚರ್ಚಿಗೆ ಮರಳಿಸಿ. ಸುಟ್ಟು ಬೂದಿ ಮಾಡುವುದು ಅವನ್ನೇ.

ಈಗ ಮುಖ್ಯ ತೊಡಕು. ಕಡಲೆ ಕೀಳುವುದು, ಜೋಳ ಕೊಯ್ಯುವುದು, ಕಣ ಮಾಡುವುದು ಎಲ್ಲ ಫೆಬ್ರವರಿ, ಮಾರ್ಚ್‌ನಲ್ಲಿ. ವರ್ಷದಲ್ಲೇ ಮೈ ಮುರಿಯುವ ಕೆಲಸ ಇರುವಾಗ ಉಪವಾಸ. ಹೊಸಬರು ಉತ್ಸಾಹದಲ್ಲಿ 40 ದಿನವೂ ಒಪ್ಪೊತ್ತು ಅಂದುಕೊಂಡು ಎರಡನೇ ವಾರಕ್ಕೆ ಹಾಸಿಗೆ ಹಿಡಿಯುತ್ತಾರೆ. ಚರ್ಚು ಕೇಳುವುದು ಅಷ್ಟಲ್ಲ. ಉಪವಾಸ ಕಡ್ಡಾಯ ಇರುವುದು ವಿಭೂತಿ ಬುಧವಾರ, ಶುಭ ಶುಕ್ರವಾರ ಎರಡೇ ದಿನ. 18 ತುಂಬಿದವರಿಂದ 59 ತುಂಬುವವರೆಗೆ. ಒಂದು ಪೂರ್ತಿ ಊಟ, ಎರಡು ಹೊತ್ತು ಸ್ವಲ್ಪ ಸ್ವಲ್ಪ. ಮಾಂಸ ಬಿಡುವ ನಿಯಮ 14 ತುಂಬಿದವರಿಗೆ. ಬಸುರಿ, ಬಾಣಂತಿ, ಕಾಯಿಲೆಯವರು ಉಪವಾಸ ಮಾಡಬೇಕಿಲ್ಲ. ಉಳಿದ ಶುಕ್ರವಾರಗಳ ಬಗ್ಗೆ ನಿಮ್ಮ ಧರ್ಮಕ್ಷೇತ್ರದ (ಒಬ್ಬ ಧರ್ಮಾಧ್ಯಕ್ಷರ ಕೈಕೆಳಗಿನ ಪ್ರದೇಶ) ನಿಯಮ ಏನಿದೆ ಅಂತ ಫಾದರ್ ಹತ್ತಿರ ಕೇಳಿ. ಬೆಳಗಾವಿ ಧರ್ಮಕ್ಷೇತ್ರ 1953ರಲ್ಲೇ ಸ್ಥಾಪನೆಯಾದದ್ದು. ಪಕ್ಕದ ಗೋವಾದ ನೆಂಟರು ಹೇಳಿದ್ದು ನಿಮಗೆ ಅನ್ವಯ ಆಗಲೇಬೇಕೆಂದಿಲ್ಲ.

ಹಾಗಾಗಿ ಆ ಎರಡು ದಿನ ಕೊಯ್ಲು ಇಟ್ಟುಕೊಳ್ಳಬೇಡಿ, ಚೀಲ ಹೊಲಿಯುವಂಥ ಕೂತು ಮಾಡುವ ಕೆಲಸ ಇರಲಿ. ಆಳಿನವರ ಮೇಲೆ ನಿಮ್ಮ ಉಪವಾಸ ಹೇರಬೇಡಿ. ಅವರ ಬುತ್ತಿ ಎಂದಿನಂತೆ, ಹೊಟ್ಟೆ ತುಂಬ ಇರಲಿ. ಶುಕ್ರವಾರದ ಊಟಕ್ಕೆ ನಮ್ಮ ಅಡುಗೆಮನೆಯಲ್ಲಿ ಕೊರತೆಯೇ ಇಲ್ಲ: ಝುಣಕ, ಪುಂಡಿಪಲ್ಯ, ಶೇಂಗಾ ಚಟ್ನಿ, ಎಳೆ ಸೌತೆಕಾಯಿ. ನಿಜ ಹೇಳಬೇಕೆಂದರೆ ಈ ಕಡೆಯವರಿಗೆ ಮಾಂಸ ಬಿಡುವುದಕ್ಕಿಂತ ಚಹಾ ಬಿಡುವುದು ಕಷ್ಟ. ತ್ಯಾಗ ಮಾಡಲೇಬೇಕು ಅನ್ನುವವರು ಅಲ್ಲಿಂದ ಶುರು ಮಾಡಿ.

ಜೋಳ ತುಂಬಿಡುವ ಮುಂಚೆ ಕಾಳು ಹಲ್ಲಿಗೆ ಹಾಕಿ ಕಚ್ಚಿ. ಟಕ್ ಅಂತ ಒಡೆದರೆ ಒಣಗಿದೆ, ಅಪ್ಪಚ್ಚಿಯಾದರೆ ಇನ್ನೂ ಎರಡು ಬಿಸಿಲು ಬೇಕು. ಒಣ ಬೇವಿನ ಎಲೆ ಪದರ ಪದರ ಹಾಕಿ ತುಂಬಿ. ಮುಂದಿನ ಬಿತ್ತನೆಗೆ ಬೇಕಾದ ದಪ್ಪ ತೆನೆಗಳನ್ನು ಕಣಕ್ಕೆ ಬರುವ ಮುಂಚೆ ಹೊಲದಲ್ಲೇ ಆರಿಸಿ ಬೇರೆ ಕಟ್ಟಿಡಿ.

ಗರಿಗಳ ಭಾನುವಾರಕ್ಕೆ ಹಳ್ಳದ ದಂಡೆಯ ಈಚಲ ಗರಿ ಸಾಕು. ಮುಳ್ಳು ಸವರಿ ಮಕ್ಕಳ ಕೈಗೆ ಕೊಡಿ. ಪಾಸ್ಕಕ್ಕೆ ಮುಂಚಿನ ಪವಿತ್ರ ವಾರದಲ್ಲಿ ಗುರುವಾರದಿಂದ ಪಾಸ್ಕದ ಭಾನುವಾರದ ತನಕ ಹೊಲದ ಕೆಲಸವೇ ಬೇಡ. ದನಕರುವಿನ ಕೆಲಸ ಮಾತ್ರ. ಆ ನಾಲ್ಕು ದಿನಕ್ಕೆ ಬೇಕಾದ ಕಣಿಕೆ ಬುಧವಾರವೇ ಕತ್ತರಿಸಿರಲಿ.

9. ಪಾಸ್ಕದಿಂದ ಮೇ ತನಕ

ಹಪ್ಪಳ, ಸಂಡಿಗೆ, ಶಾವಿಗೆ, ಉಪ್ಪಿನಕಾಯಿ, ಖಾರದಪುಡಿ. ಬಿಸಿಲು ಬಿದ್ದಷ್ಟು ದಿನ ಮಾಡಿ. ಕೊಟ್ಟಿಗೆಯ ಗೊಬ್ಬರ ಹೊಲಕ್ಕೆ ಎಳೆಯಿರಿ, ಬದು ಕಟ್ಟಿ, ಹೊಂಡ ಇದ್ದರೆ ಹೂಳು ತೆಗೆಸಿ. ಸಂಜೆ ಪೂರ್ತಿ ಜಪಸರಕ್ಕೆ ಈಗ ಪುರುಸೊತ್ತಿದೆ. ಮೇ ತಿಂಗಳು ಮರಿಯಮ್ಮನ ತಿಂಗಳೂ ಹೌದು.

ವರ್ಷದ ನಡುವೆ ಶುರು ಮಾಡುವವರಿಗೆ

ಮುಂದಿನ ಆಗಮನ ಕಾಲಕ್ಕೆ ಅಂತ ಕಾಯಬೇಡಿ. ಈ ಶನಿವಾರ ಸಂಜೆಯ ಪಟ್ಟಿಯಿಂದ ಶುರು ಮಾಡಿ, ಭಾನುವಾರ ನಿಲ್ಲುವ ತನಕ ಬೇರೆ ಯಾವುದನ್ನೂ ಸೇರಿಸಬೇಡಿ. ಆಮೇಲೆ ಹತ್ತಿರ ಬರುವ ಒಂದು ಹಬ್ಬ. ಅದು ಮೇ ಆದರೆ ಬೀಜದ ಬುಟ್ಟಿ, ಸೆಪ್ಟೆಂಬರ್ ಆದರೆ ಹೆಸರಿನ ಗಿಡ, ಡಿಸೆಂಬರ್ ಆದರೆ ಗೋಧಿ ತಟ್ಟೆ. ಎರಡನೇ ಎಮ್ಮೆಯ ಮಾತು ಮೂರನೇ ವರ್ಷಕ್ಕೆ ಇಡಿ.